ದೀಪ ನೋಡಿ ಹೊರಡುವ ದಾರಿ

ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಬಸ್ಸಿಗೆ ನಾನು ವಿಜಯಪುರದಿಂದ ತಿಕೋಟಾಕ್ಕೆ ಹೋಗುತ್ತೇನೆ. ಮಳೆಯಿರಲಿ, ಹಬ್ಬವಿರಲಿ, ಈ ಕ್ರಮ ತಪ್ಪುವುದಿಲ್ಲ. ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಆಮೇಲೆ ನಿವೃತ್ತಿಯವರೆಗೂ ಪಾಲಿಟೆಕ್ನಿಕ್ಕಿನಲ್ಲಿ ಮೈಕ್ರೊಪ್ರೊಸೆಸರ್ ಪಾಠ ಮಾಡಿದೆ. ಎರಡೂ ಕಡೆ ಕಲಿತದ್ದು ಒಂದೇ: ಯಾವ ಕೆಲಸವನ್ನೂ ಅದರ ಹೊತ್ತಿಗೆ, ಅದರ ಸರದಿಗೆ ಮಾಡಿ ಮುಗಿಸಬೇಕು.

ಚೀಲದಲ್ಲಿ ಲ್ಯಾಪ್‌ಟಾಪ್, ನೀರಿನ ಬಾಟಲಿ, ತಮ್ಮನ ಕಣ್ಣಿನ ಹನಿ. ಆ ಹನಿ ತಿಕೋಟಾದ ಔಷಧದಂಗಡಿಯಲ್ಲಿ ಒಮ್ಮೆ ಇದ್ದರೆ ಒಮ್ಮೆ ಇರುವುದಿಲ್ಲ. ಅದಕ್ಕೇ ನಾನೇ ಒಯ್ಯುತ್ತೇನೆ.

ತಮ್ಮನಿಗೆ ಗ್ಲಾಕೋಮಾ. ಈ ಕಾಯಿಲೆ ನೋಟದ ನಡುಭಾಗವನ್ನು ಬಿಟ್ಟು ಅಂಚಿನಿಂದ ತಿನ್ನುತ್ತ ಬರುತ್ತದೆ. ನೋವಿಲ್ಲ, ಕೆಂಪಿಲ್ಲ. ಮೊದಲು ಅವನು ಚಹಾದ ಗ್ಲಾಸಿಗೆ ಮೊಣಕೈ ತಾಕಿಸಿ ಚೆಲ್ಲತೊಡಗಿದ. ಹೆಂಡತಿ ಬೈದಳು. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡ. ಆಗಲೂ ಬೈದಳು. ರಸ್ತೆ ದಾಟುವಾಗ ಪಕ್ಕದಿಂದ ಬಂದ ಟಂಟಂ ಗಾಡಿ ಕಾಣದೆ ಬಿದ್ದ ಮೇಲೆ ವಿಜಯಪುರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಷ್ಟೊತ್ತಿಗೆ ನರ ಬಹುಪಾಲು ಒಣಗಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಆಮೇಲೆ ಪ್ರತಿ ಸಲ ಹೋದಾಗಲೂ ಕಣ್ಣಿನ ಒತ್ತಡ ಅಳೆದು, ಸರಿಯಾಗಿದೆ ಎನ್ನುತ್ತಿದ್ದರು. ಪ್ರತಿ ಸಲವೂ ತಮ್ಮನಿಗೆ ಹಿಂದಿಗಿಂತ ಕಡಿಮೆ ಕಾಣುತ್ತಿತ್ತು.

"ಕೊಳವ್ಯಾಗಿಂದ ನೋಡಿದಂಗ ಆಗೈತಿ ಅಕ್ಕಾ," ಅನ್ನುತ್ತಿದ್ದ. "ನಿನ್ನ ಮೂಗು ಕಂಡರ ಬಾಯಿ ಕಾಣಾಂಗಿಲ್ಲ. ಅದೊಂದು ಆರಾಮ."

ಅವನ ಕೆಲಸದ ಬಗ್ಗೆ ಹೇಳಬೇಕು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿಯನ್ನು ಒಣಗಿಸಿ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಅಲ್ಲಿ ಗೋಡೆಗೆ ಒಂದು ಪೆಟ್ಟಿಗೆ ಇರುತ್ತದೆ. ಒಳಗಿನ ತಂಪು ಎಷ್ಟಿದೆ ಎಂದು ಅದು ಅಳೆಯುತ್ತದೆ, ಯಂತ್ರವನ್ನು ಹಚ್ಚುತ್ತದೆ, ಆರಿಸುತ್ತದೆ, ಏನಾದರೂ ಕೆಟ್ಟರೆ ಕೂಗುತ್ತದೆ. ಅಂಥ ಪೆಟ್ಟಿಗೆ ಮಾಡುವ ಸಣ್ಣ ಕಂಪನಿಯೊಂದು ವಿಜಯಪುರದಲ್ಲಿದೆ. ಅದರ ಮಾಲಕ ನನ್ನ ಹಳೆಯ ವಿದ್ಯಾರ್ಥಿ. ಪೆಟ್ಟಿಗೆಯ ಒಳಗೆ ಎಲ್ಲಕ್ಕಿಂತ ಕೆಳಗೆ ಕೂತು ಉಳಿದ ಪ್ರೋಗ್ರಾಮುಗಳನ್ನೆಲ್ಲ ನಡೆಸುವ ಕರ್ನಲ್ ಇದೆಯಲ್ಲ, ಅದನ್ನು ಪೂರ್ತಿಯಾಗಿ ಬರೆದವನು ನನ್ನ ತಮ್ಮ. ಹೊರಗಿನಿಂದ ತಂದದ್ದಲ್ಲ. ಕಂಪನಿ ಶುರುವಾದಾಗಿನಿಂದ ಅದನ್ನು ನೋಡಿಕೊಂಡು ಬಂದವನೂ ಅವನೇ.

ಕಣ್ಣಿನ ಸುದ್ದಿ ತಿಳಿದಾಗ ಮಾಲಕ ತಿಕೋಟಾದ ಮನೆಗೆ ಬಂದಿದ್ದ. "ಈ ಕರ್ನಲ್ ನಿಮ್ಮ ಕೈಯಾಗ ಇರೂತನಕ ನಿಮ್ಮ ಕುರ್ಚಿ ನಿಮ್ಮದಽ ಸರ್ರ. ಮನಿಯಾಗ ಕೂತು ಮಾಡ್ರಿ, ನನಗೇನು ಅಡ್ಡಿಲ್ಲ," ಎಂದು ಹೇಳಿ ಹೋದ. ಮನಸ್ಸಿನಿಂದಲೇ ಹೇಳಿದ. ತಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಕರ್ನಲ್ ತನ್ನ ಕೈಯಲ್ಲಿ ಉಳಿಯಬೇಕು. ಅದೊಂದೇ ಅವನಿಗೆ ಬೇಕಾಗಿದ್ದದ್ದು. ಊಟ, ನಿದ್ದೆ, ಔಷಧ ಎಲ್ಲವನ್ನೂ ಅವನು ಅದರ ಲೆಕ್ಕದಲ್ಲೇ ನೋಡುತ್ತಿದ್ದ.

ಕರ್ನಲ್ಲಿನ ಬಹುಭಾಗ ಅವನಿಗೆ ಬಾಯಿಪಾಠವಾಗಿತ್ತು. ಬರೆದದ್ದನ್ನು ಓದಿ ಹೇಳುವ ತಂತ್ರಾಂಶವನ್ನೂ ಹಾಕಿಕೊಂಡಿದ್ದ. ಕೈಗೆ ಸಿಗದೆ ಜಾರುತ್ತಿದ್ದದ್ದು ಒಂದೇ ಭಾಗ, ಹಿಂದಿರುಗುವ ಭಾಗ.

ನಾನು ಅದನ್ನು ವಿದ್ಯಾರ್ಥಿಗಳಿಗೆ ನಮ್ಮ ಹಾಸ್ಟೆಲಿನ ಉಗ್ರಾಣದ ಮೂಲಕ ಹೇಳುತ್ತಿದ್ದೆ. ನಾವು ಯಾರೂ ಉಗ್ರಾಣಕ್ಕೆ ಕೈ ಹಾಕುವಂತಿರಲಿಲ್ಲ. ಬೇಕಾದದ್ದನ್ನು ವಾರ್ಡನ್ನರನ್ನು ಕೇಳಬೇಕು. ಕೈಯಲ್ಲಿದ್ದ ಪುಸ್ತಕ, ಛತ್ರಿ, ಚೀಲ ಎಲ್ಲ ಬಾಗಿಲಲ್ಲಿ ಇಟ್ಟು ಒಳಗೆ ಹೋಗಬೇಕು. ಪ್ರೋಗ್ರಾಮೂ ಹಾಗೆಯೇ. ತಂಪು ಅಳೆಯುವ ತಂತಿಯನ್ನು ಅದು ತಾನೇ ಮುಟ್ಟುವಂತಿಲ್ಲ, ಕರ್ನಲ್ಲನ್ನು ಕೇಳುತ್ತದೆ. ಆ ಹೊತ್ತಿಗೆ ಅದರ ಕೈಯಲ್ಲಿದ್ದ ಅಂಕಿಗಳು ರಿಜಿಸ್ಟರ್ ಎಂಬ ಸಣ್ಣ ಗೂಡುಗಳಲ್ಲಿರುತ್ತವೆ. ಅವನ್ನೆಲ್ಲ ಬಾಗಿಲಲ್ಲಿ ತೆಗೆದಿಟ್ಟು, ಒಳಗೆ ಕೆಲಸ ಮುಗಿಸಿ, ಒಂದೇ ಒಂದು ಉತ್ತರದ ಅಂಕಿ ಕೊಟ್ಟು ಕಳಿಸಬೇಕು. ಸೊನ್ನೆ ಎಂದರೆ ಕೆಲಸವಾಯಿತು. ಸೊನ್ನೆಗಿಂತ ಕಡಿಮೆ ಎಂದರೆ ಆಗಲಿಲ್ಲ. ಉತ್ತರದ ಜೊತೆಗೆ, ತೆಗೆದಿಟ್ಟದ್ದನ್ನೆಲ್ಲ ಇದ್ದ ಹಾಗೆಯೇ ಮರಳಿಸಬೇಕು. ಒಂದು ಗೂಡು ಆಚೀಚೆ ಆದರೂ ಪ್ರೋಗ್ರಾಮು ಬೀಳುತ್ತದೆ. ಬೀಳದೆ ತಪ್ಪು ಅಂಕಿ ಹಿಡಿದುಕೊಂಡೇ ಮುಂದೆ ನಡೆದರೆ ಇನ್ನೂ ಕೆಟ್ಟದ್ದು.

ಒಳಗೆ ಹೋಗುವ ದಾರಿ ಒಂದೇ ಇತ್ತು. ಹೊರಗೆ ಬರುವ ದಾರಿಗಳು ಹಲವಾಗಿದ್ದವು. ಸಣ್ಣ ಕೆಲಸಕ್ಕೆ ಬಂದವರು ಬೇಗ ಹೋಗಲಿ ಎಂದು ಒಂದು ದಾರಿ. ಕಾದು ಕೂತ ಬೇರೆ ಕೆಲಸವಿದೆಯೇ ಎಂದು ನೋಡಿ ಹೋಗುವುದಕ್ಕೆ ಒಂದು. ತಪ್ಪಾದಾಗ ಒಂದು. ಈಗ ಯಾರೂ ತಯಾರಿಸದ ಹಳೆಯ ಮೈಕ್ರೊಪ್ರೊಸೆಸರ್ ಚಿಪ್ಪಿಗಾಗಿ ಇನ್ನೊಂದು. ಒಂದೊಂದನ್ನೂ ಒಂದೊಂದು ವರ್ಷ ಒಂದೊಂದು ಕಾರಣಕ್ಕೆ ಅವನೇ ಸೇರಿಸಿದ್ದ. ಎಲ್ಲವೂ ಯಂತ್ರಕ್ಕೆ ತೀರ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ, ಹೆಚ್ಚುಕಡಿಮೆ ಅವೇ ಸಾಲುಗಳು, ಅಲ್ಲಲ್ಲಿ ಸ್ವಲ್ಪ ಬೇರೆ. ಆ ಸ್ವಲ್ಪ ಬೇರೆಯೇ ಅವನನ್ನು ಕೊಲ್ಲುತ್ತಿತ್ತು. ಕೊಳವೆಯಂಥ ನೋಟದಲ್ಲಿ ಒಂದು ಸಲಕ್ಕೆ ನಾಲ್ಕೈದು ಸಾಲು ಕಾಣುತ್ತಿದ್ದವು. ಕೆಳಗೆ ಹೋಗುವಷ್ಟರಲ್ಲಿ ಮೇಲಿನದು ಮರೆಯಾಗುತ್ತಿತ್ತು. ಓದಿ ಹೇಳುವ ತಂತ್ರಾಂಶ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುತ್ತ ಹೋಗುತ್ತಿತ್ತು. ಯಾವ ದಾರಿಯಲ್ಲಿ ಇದ್ದೇವೆ ಎಂಬುದು ಕೇಳುವವನಿಗೆ ತಪ್ಪಿಹೋಗುತ್ತಿತ್ತು.

ಒಂದು ಶುಕ್ರವಾರ ಅವನು ಹೇಳಿದ: "ಅಕ್ಕಾ, ನನ್ನ ಕಣ್ಣು ಸಣ್ಣದಾಗಾಕತ್ತೈತಿ. ಇದನ್ನೂ ಸಣ್ಣದು ಮಾಡೂಣು. ಯಾವುದು ಮೊದಲ ಸಣ್ಣದಾಗತೈತಿ ನೋಡೂಣು."

"ನಡಿಯೂ ಕೋಡ್ ಕೆದರಬಾರದು ಅಂತ ನಾನಽ ಪಾಠ ಮಾಡೇನಿ," ಎಂದೆ.

"ಪಾಠ ಮಾಡಿದವರು ಪಿಂಚಣಿ ತಗೊಂಡು ಕೂತಾರ. ನನಗ ಇನ್ನೂ ಕೆಲಸ ಐತಿ."

ನಾನು ಲ್ಯಾಪ್‌ಟಾಪ್ ತೆರೆದೆ. ಹೀಗೆ ಕೆಲಸ ಶುರುವಾಯಿತು.

ನಾನು ಒಂದೊಂದು ಸಾಲನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವನು ತೊಡೆಯ ಮೇಲೆ ಅವ್ವನ ಕಾಲದ ಅಳಗುಳಿ ಮಣೆ ಇಟ್ಟುಕೊಂಡಿದ್ದ. ನಮ್ಮ ಹುಟ್ಟೂರು ಮಮದಾಪುರದಲ್ಲಿ ಕೆರೆಯ ಕಡೆಯ ಮನೆಯ ಕಟ್ಟೆ ಮೇಲೆ ಕೂತು ನಾವು ಹುಣಸೆ ಬೀಜ ಹಾಕಿ ಆಡುತ್ತಿದ್ದ ಮಣೆ ಅದು. ಈಗ ಅದರ ಒಂದೊಂದು ಗುಳಿ ಒಂದೊಂದು ರಿಜಿಸ್ಟರ್. ಹುಣಸೆ ಬೀಜದ ಬದಲು ಒಣದ್ರಾಕ್ಷಿ. ಅವನ ಹೆಂಡತಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕಾಳು ಆರಿಸುವ ಹೆಂಗಸರ ಮೇಲ್ವಿಚಾರಕಿ. ಮಾರಾಟಕ್ಕೆ ಬಾರದ ಕಪ್ಪು ಕಾಳುಗಳನ್ನು ತಂದು ಬಟ್ಟಲಲ್ಲಿ ಇಟ್ಟಿರುತ್ತಿದ್ದಳು. ನಾನು ಓದಿದ ಹಾಗೆ ಅವನ ಬೆರಳು ಒಂದು ಗುಳಿಯಿಂದ ಕಾಳು ತೆಗೆದು ಇನ್ನೊಂದಕ್ಕೆ ಹಾಕುತ್ತಿತ್ತು. ಕಣ್ಣು ಬೇಕಾಗುತ್ತಿರಲಿಲ್ಲ.

ಒಮ್ಮೆ ಲೆಕ್ಕ ತಪ್ಪಿತು. ಮತ್ತೆ ಓದಿದೆ. ಮತ್ತೆ ತಪ್ಪಿತು.

"ಏನಲೇ, ರಿಜಿಸ್ಟರ್ ತಿಂದಿ ಏನು?" ಎಂದೆ.

"ಒಂದಽ," ಎಂದ. "ಹುಳಿ ಇತ್ತು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅಕ್ಕಾರ, ಎದುರು ಮನಿ ಮುದುಕಿ ಕೇಳಾಕತ್ತಾಳ್ರಿ, ನಿಮ್ಮ ಮನಿಯಾಗ ಎಷ್ಟು ದಿನದ ಪಾರಾಯಣ ಹಚ್ಚೀರಿ, ಪ್ರಸಾದ ಯಾವತ್ತು ಐತಿ ಅಂತ," ಎಂದಳು.

"ಪ್ರಸಾದ ಇವನಽ ತಿಂದಾನ ಅಂತ ಹೇಳವಾ," ಎಂದೆ.

ನಕ್ಕೆವು. ಅಂಥ ಬೆಳಗುಗಳು ಕೆಲವೇ ಇದ್ದವು, ಅದಕ್ಕೇ ನೆನಪಿವೆ. ಉಳಿದ ದಿನಗಳಲ್ಲಿ ಅವನು ಸಿಟ್ಟಾಗುತ್ತಿದ್ದ. ನಾನು ಓದುವ ವೇಗ ಹೆಚ್ಚಾಯಿತು ಅನ್ನುತ್ತಿದ್ದ, ಕಡಿಮೆಯಾಯಿತು ಅನ್ನುತ್ತಿದ್ದ. ಹಳೆಯ ಚಿಪ್ಪಿನ ದಾರಿಯನ್ನು ಮೊದಲು ತೆಗೆದೆವು, ಅದು ಸುಲಭ. ಉಳಿದವು ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದನ್ನು ಎಳೆದರೆ ಇನ್ನೊಂದು ಹರಿಯುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಒಂದು ಸಲಕ್ಕೆ ಕಾಣುತ್ತಿದ್ದದ್ದು ಎರಡು ಸಾಲು. ಕೋಡು ಇನ್ನೂ ಪುಟಗಟ್ಟಲೆ ಇತ್ತು.

ಆ ದಿನಗಳಲ್ಲೇ ಜೈನಾಪುರದ ನಮ್ಮ ಸೋದರತ್ತೆ ತೀರಿಕೊಂಡಳು. ನಾನೂ ತಮ್ಮನೂ ಹೋದೆವು. ಹೊಲದಲ್ಲಿ ಮಣ್ಣು ಮಾಡಿದರು. ಹೊಲದ ಬದುವಿನ ಮೇಲೆ ತಮ್ಮ ನನ್ನ ಭುಜ ಹಿಡಿದು ನಡೆದ. ಹಿಡಿ ಮಣ್ಣು ಹಾಕುವಾಗ ಕುಣಿಯ ಅಂಚು ಎಲ್ಲಿದೆ ಎಂದು ಅವನಿಗೆ ತಿಳಿಯಲಿಲ್ಲ. ನಾನು ಅವನ ಸೊಂಟದ ಪಟ್ಟಿ ಹಿಡಿದು ನಿಂತೆ.

ನಮ್ಮ ಕಡೆ ಮಣ್ಣಿಗೆ ಹೋದವರು ಅಲ್ಲಿಂದ ನೇರವಾಗಿ ತಮ್ಮ ಮನೆಗೆ ಹೋಗುವುದಿಲ್ಲ. ಸತ್ತವರ ಮನೆಗೇ ತಿರುಗಿ ಬರಬೇಕು. ಅಲ್ಲಿ ಬಾಗಿಲ ಮುಂದೆ ಇಟ್ಟ ನೀರಿನಿಂದ ಕೈಕಾಲು ತೊಳೆದುಕೊಂಡು, ಹೆಣ ಇಟ್ಟಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಆಮೇಲೆ ತಮ್ಮ ತಮ್ಮ ದಾರಿ ಹಿಡಿಯಬೇಕು. ಹೊಲದಿಂದ ಜನ ಬೇರೆ ಬೇರೆ ದಾರಿಯಲ್ಲಿ ಬಂದರು. ಬೈಕಿನವರು ರಸ್ತೆಯಿಂದ, ವಯಸ್ಸಾದವರು ಟ್ರ್ಯಾಕ್ಟರಿನಲ್ಲಿ, ಉಳಿದವರು ಬದುವಿನ ಮೇಲೆ. ಬಬಲೇಶ್ವರದ ಬಸ್ಸಿಗೆ ಅವಸರವಿದ್ದವರೂ ಬಂದರು. ಎಲ್ಲರೂ ಅದೇ ಕೊಡದ ನೀರು ತೆಗೆದುಕೊಂಡರು, ಅದೇ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದರು, ಹೊರಟರು.

ತಮ್ಮ ಹೊಸ್ತಿಲಲ್ಲಿ ನಿಂತ. ಒಳಗೆ ಕತ್ತಲು ಕೋಣೆ, ಮೂಲೆಯಲ್ಲಿ ಒಂದು ಸಣ್ಣ ದೀಪ. ಅವನ ಮುಖ ಬೇರೆ ಕಡೆಗಿತ್ತು.

"ದೀಪ ಎಲ್ಲೈತಿ ಅಕ್ಕಾ?"

ನಾನು ಅವನ ಗದ್ದ ಹಿಡಿದು ತಿರುಗಿಸಿದೆ. "ಇಲ್ಲೈತಿ."

"ಇನ್ನೂ ಸ್ವಲ್ಪ ಕೆಳಗ ಮಾಡು."

ಮಾಡಿದೆ. ಹಿಂದೆ ಜನ ಕಾಯುತ್ತಿದ್ದರು. ಅವನು ತುಸು ಹೊತ್ತು ಹಾಗೇ ನಿಂತ. "ಸಿಕ್ಕಿತು," ಎಂದ.

ತಿರುಗಿ ಬರುವ ಬಸ್ಸಿನಲ್ಲಿ ಅವನು ಕಿಟಕಿಗೆ ತಲೆ ಆನಿಸಿ ಕೂತಿದ್ದ. ಅತ್ತೆಯ ಬಗ್ಗೆ ಯೋಚಿಸುತ್ತಿದ್ದಾನೆ ಎಂದುಕೊಂಡಿದ್ದೆ.

"ಅವಸರ ಇದ್ದವರೂ ದೀಪ ನೋಡೇ ಹೋದರಲ್ಲ," ಎಂದ.

"ಹೋಗಬೇಕಲ್ಲ ಮತ್ತ."

"ಅವರಿಗೆ ಬ್ಯಾರೆ ಬಾಗಿಲಾ ಇಟ್ಟಿರಲಿಲ್ಲ. ಎಲ್ಲಾರಿಗೂ ಒಂದಽ ನೀರು, ಒಂದಽ ಹೊಸ್ತಿಲ. ನಾನು ಯಾಕ ಇಷ್ಟು ಬಾಗಿಲಾ ಇಟ್ಟೇನಿ? ಬೇಗ ಹೋಗವರಿಗೊಂದು, ತಡಾ ಹೋಗವರಿಗೊಂದು. ಎಲ್ಲಾರೂ ಒಂದಽ ಕಡೆ ಬಂದು ಹೋಗಲಿ. ತುಸು ತಡ ಆದರ ಆಗಲಿ. ಕೋಲ್ಡ್ ಸ್ಟೋರೇಜಿಗೆ ಏನು ಅವಸರ ಐತಿ?"

ಮಂಗಳವಾರ ನಾನು ಹೋಗುವ ಹೊತ್ತಿಗೆ ಅವನು ಮನಸ್ಸಿನಲ್ಲೇ ಎಲ್ಲವನ್ನೂ ಜೋಡಿಸಿಟ್ಟಿದ್ದ. ಒಳಗೆ ಯಾವ ಕೆಲಸ ಮುಗಿಸಿದವರೂ ಕೊನೆಗೆ ಒಂದೇ ಜಾಗಕ್ಕೆ ಬರಬೇಕು. ಕಾದು ಕೂತ ಕೆಲಸವಿದೆಯೇ ಎಂದು ಅಲ್ಲಿ ಒಮ್ಮೆ ನೋಡುವುದು. ಬಾಗಿಲಲ್ಲಿ ತೆಗೆದಿಟ್ಟ ರಿಜಿಸ್ಟರುಗಳನ್ನೆಲ್ಲ ಅಲ್ಲಿಂದಲೇ ಮರಳಿಸುವುದು. ಆ ಜಾಗಕ್ಕೆ ಕೋಡಿನಲ್ಲಿ ಒಂದು ಹೆಸರು ಬೇಕು. ದೀಪ ಎಂದು ಬರೆ ಅಂದ. ಬರೆದೆ.

ಅವನು ಹೇಳಿದ್ದನ್ನು ನಾನು ಬೆರಳಚ್ಚು ಮಾಡುತ್ತ, ಓದುತ್ತ, ಅವನು ಕಾಳು ಸರಿಸುತ್ತ, ಎರಡು ಮೂರು ವಾರದಲ್ಲಿ ಪುಟಗಟ್ಟಲೆ ಇದ್ದದ್ದು ಒಂದು ಪುಟದ ಸಮೀಪಕ್ಕೆ ಬಂತು. ಅವನ ಮುಖದಲ್ಲಿ ಒಂದು ಬಗೆಯ ಗೆಲುವು ಕಂಡಿತು. ನನ್ನೊಳಗೂ ಅದೇ ಇತ್ತು.

ಪರೀಕ್ಷೆಗೆಂದು ಮನೆಯಲ್ಲೇ ಮೇಜಿನ ಮೇಲೆ ಒಂದು ಪೆಟ್ಟಿಗೆ ಇತ್ತು. ಅದಕ್ಕೆ ಹೊಸ ಕರ್ನಲ್ ತುಂಬಿದೆ. ಪೆಟ್ಟಿಗೆ ಎದ್ದಿತು, ಅಂಕಿ ತೋರಿಸಿತು.

"ಈಗ ವೈರ್ ಕೀಳತೇನಿ," ಎಂದ ತಮ್ಮ. ತಂಪು ಅಳೆಯುವ ವೈರನ್ನು ಕಿತ್ತರೆ ಕರ್ನಲ್ ಪ್ರೋಗ್ರಾಮಿಗೆ ಸೊನ್ನೆಗಿಂತ ಕಡಿಮೆಯ ಉತ್ತರ ಕೊಡಬೇಕು. ಕೊಟ್ಟ ಕೂಡಲೇ ಪೆಟ್ಟಿಗೆ ಕೂಗಬೇಕು.

ಅವನು ಕಿತ್ತ. ಪೆಟ್ಟಿಗೆ ಸುಮ್ಮನಿತ್ತು.

"ಏನಂತೈತಿ ಪೆಟ್ಟಿಗಿ?"

"ಎಲ್ಲಾ ಸರಿ ಐತಿ ಅಂತೈತಿ."

"ವೈರ್ ನನ್ನ ಕೈಯಾಗೈತಿ."

"ಕಾಣತೈತಿ."

ಅವನು ವೈರನ್ನು ತಿರುಗಿ ಸಿಕ್ಕಿಸಿದ, ಮತ್ತೆ ಕಿತ್ತ. ಎರಡನೆಯ ವೈರನ್ನೂ ಕಿತ್ತ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಸರಿ, ಸರಿ, ಸರಿ ಎಂದೇ ಬರುತ್ತಿತ್ತು.

"ಕಣ್ಣಿನ ದವಾಖಾನಿಯಂಗ ಆತಲ್ಲ," ಎಂದು ಕುರ್ಚಿಗೆ ಒರಗಿದ. ಹೆಂಡತಿ ಒಳಗಿನಿಂದ ಬಂದು ಏನಾಯಿತು ಎಂದು ನನ್ನ ಕಡೆ ನೋಡಿದಳು. ನಾನು ತಲೆ ಅಲ್ಲಾಡಿಸಿದೆ. ಅವಳು ಒಳಗೆ ಹೋದಳು.

ಕಾರಣ ಸಿಗಲು ಮತ್ತೆ ಅಷ್ಟೇ ವಾರಗಳು ಹಿಡಿದವು. ಸಿಕ್ಕ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ಬೈಯುವಂತಿರಲಿಲ್ಲ, ಏಕೆಂದರೆ ಅದು ನಮ್ಮ ಅವ್ವನ ಕಟ್ಟಳೆ. ಮಮದಾಪುರದ ಮನೆಗೆ ಯಾರು ಬಂದರೂ, ಉಣ್ಣುತ್ತಾರೋ ಇಲ್ಲವೋ ಎಂದು ಕೇಳುವ ಮೊದಲೇ ಅವರ ಹೆಸರಿನ ಒಂದು ತಾಟು ತೊಳೆದು ಇಡಬೇಕಿತ್ತು. ಇಡದಿದ್ದರೆ ಬೆನ್ನಿಗೆ ಬೀಳುತ್ತಿತ್ತು. ತಮ್ಮ ಕರ್ನಲ್ಲಿನ ಒಳಬಾಗಿಲನ್ನು ಬರೆದಾಗ ಅದನ್ನೇ ಮಾಡಿದ್ದ. ಪ್ರೋಗ್ರಾಮು ಒಳಗೆ ಬಂದ ಕೂಡಲೇ ಅದರ ಉತ್ತರ ಇಡುವ ಗೂಡನ್ನು ತೊಳೆದು ಸೊನ್ನೆ ಮಾಡಿಡುತ್ತಿದ್ದ. ತಂಪು ಅಳೆಯುವಂಥ ಸಣ್ಣ ಕೆಲಸಗಳು ಹೋಗುತ್ತಿದ್ದ ಹಳೆಯ ಅವಸರದ ದಾರಿ ಆ ಗೂಡನ್ನು ನೋಡುತ್ತಲೇ ಇರಲಿಲ್ಲ, ಉತ್ತರವನ್ನು ಕೈಯಲ್ಲೇ ಹಿಡಿದು ಹೊರಗೆ ಹೋಗುತ್ತಿತ್ತು. ಈಗ ಎಲ್ಲರನ್ನೂ ದೀಪದ ಕಡೆ ತಿರುಗಿಸಿದಾಗ, ಅಲ್ಲಿ ಕೊಡುವುದು ಗೂಡಿನಲ್ಲಿ ಇದ್ದದ್ದನ್ನು. ಗೂಡಿಗೆ ಯಾರೂ ಬಡಿಸಿರಲಿಲ್ಲ. ತೊಳೆದ ತಾಟೇ ಹೊರಗೆ ಹೋಗುತ್ತಿತ್ತು. ತೊಳೆದ ತಾಟು ಎಂದರೆ ಸೊನ್ನೆ. ಸೊನ್ನೆ ಎಂದರೆ ಎಲ್ಲ ಸರಿ.

ಬೇರೆಯವರು ಬರೆದಿದ್ದರೆ ಆ ಗೂಡಿನಲ್ಲಿ ಏನಾದರೂ ಕಸ ಇರುತ್ತಿತ್ತು. ಕಸ ಹೊರಗೆ ಬಂದು ಪೆಟ್ಟಿಗೆ ಕಿರುಚುತ್ತಿತ್ತು, ಮೊದಲ ದಿನವೇ ಕಾರಣ ಸಿಗುತ್ತಿತ್ತು. ನಮ್ಮ ಮನೆಯ ಅಚ್ಚುಕಟ್ಟು ಅದನ್ನು ಮುಚ್ಚಿಟ್ಟಿತು.

ಪರಿಹಾರ ಸರಳವಾಗಿತ್ತು. ಯಾವ ಕೆಲಸ ಮುಗಿದರೂ, ದೀಪಕ್ಕೆ ಬರುವ ಮೊದಲು, ಉತ್ತರವನ್ನು ಗೂಡಿಗೆ ಹಾಕಿಬಿಡುವುದು. ಒಂದೇ ಸಾಲು. ಆ ಸಾಲು ಸೇರಿದ ಮೇಲೆ ದಾರಿ ದಾರಿಗೂ ಇದ್ದ ಆ ಸ್ವಲ್ಪ ಬೇರೆ ಎಂಬುದೂ ಉಳಿಯಲಿಲ್ಲ. ಇನ್ನಷ್ಟು ಸಾಲು ಬೇಡವಾದವು. ತೆಗೆದೆವು. ಈಗ ಅದು ಅಳಗುಳಿ ಮಣೆಯ ಮೇಲೆ ಒಂದು ಆಟದಷ್ಟಾಯಿತು. ನಾನು ಓದದೆಯೇ ಅವನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವನಾದ.

ಆ ಹೊತ್ತಿಗೆ ಅವನಿಗೆ ಪರದೆಯ ಮೇಲೆ ಒಂದು ಅಕ್ಷರದ ಅರ್ಧ ಮಾತ್ರ ಕಾಣುತ್ತಿತ್ತು. ಓಟದಲ್ಲಿ ಕಣ್ಣೇ ಮೊದಲು ಸಣ್ಣದಾಗಿತ್ತು. ಕರ್ನಲ್ ಕೈಯಲ್ಲಿ ಉಳಿದಿತ್ತು. ಬೇಕಾಗಿದ್ದದ್ದು ಅದೇ ತಾನೇ.

ಬಬಲೇಶ್ವರದ ಹತ್ತಿರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹೊಸ ಕರ್ನಲ್ ಹಾಕಿ ನೋಡುವುದೆಂದು ಮಾಲಕ ಗೊತ್ತು ಮಾಡಿದ. ತಮ್ಮ ಇಸ್ತ್ರಿ ಅಂಗಿ ಹಾಕಿಕೊಂಡ. ಮಾಲಕನ ಕಾರಿನಲ್ಲಿ ಹೋದೆವು. ಒಳಗೆ ದೊಡ್ಡ ಕೋಣೆ, ಅಟ್ಟದಂತೆ ಪೇರಿಸಿದ ಒಣದ್ರಾಕ್ಷಿಯ ರಟ್ಟಿನ ಡಬ್ಬಗಳು, ಮೂಗಿಗೆ ಹತ್ತುವ ಸಿಹಿ ಹುಳಿ ವಾಸನೆ, ಎಲುಬಿಗೆ ಇಳಿಯುವ ಥಂಡಿ. ತಮ್ಮ ಗೋಡೆ ತಡವುತ್ತ ಪೆಟ್ಟಿಗೆಯವರೆಗೆ ತಾನೇ ಹೋದ. ವೈರ್ ಹುಡುಕಿ ಕಿತ್ತ.

ಪೆಟ್ಟಿಗೆ ಕೂಗಿತು. ಆ ಕೋಣೆಯಲ್ಲಿ ಅದು ಕಿವಿ ಹರಿಯುವಂಥ ಸದ್ದು. ತಮ್ಮ ವೈರ್ ಹಿಡಿದುಕೊಂಡೇ ನಿಂತ. ಸಿಕ್ಕಿಸಲಿಲ್ಲ.

"ಸಾಕು ಹಾಕ್ರಿ ಸರ್ರ, ಕಿವಿ ಹೋಗ್ತಾವ," ಎಂದ ಅಲ್ಲಿನ ಮ್ಯಾನೇಜರ್.

"ಕಿವಿ ಒಂದರೆ ಉಳಿಯಲಿ," ಎಂದು ತಮ್ಮ ಸಿಕ್ಕಿಸಿದ. ಮ್ಯಾನೇಜರಿಗೆ ಮಾತು ತಿಳಿಯಲಿಲ್ಲ. ನಕ್ಕ.

ಹೊರಗೆ ಬಿಸಿಲಿಗೆ ಬಂದು ಚಹಾ ಕುಡಿಯುವಾಗ ಮಾಲಕ ಮೊಬೈಲಿನಲ್ಲಿ ಹೊಸ ಕೋಡು ತೆಗೆದು ನೋಡಿದ. ಬೆರಳಿನಿಂದ ಸರಿಸಿದ, ಮತ್ತೆ ಮೇಲಕ್ಕೆ ಹೋದ. ಸರಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ.

"ಇಷ್ಟಽ ಏನ್ರಿ ಮೇಡಂ?" ಎಂದು ನನ್ನನ್ನು ಕೇಳಿದ.

"ಇಷ್ಟಽ."

"ಇಷ್ಟು ವರ್ಷ ನಾನು ಈ ಭಾಗ ತೆರದಽ ನೋಡಿರಲಿಲ್ಲರಿ. ಅಂಜಿಕಿ ಬರತಿತ್ತು. ಇದು ನೋಡ್ರಿ, ನನಗೂ ತಿಳಿಯಾಕತ್ತೈತಿ." ಅವನು ನಿಜವಾಗಿ ಸಂತೋಷಪಟ್ಟಿದ್ದ. "ಸರ್ರ, ಭಾಳ ಚಲೋ ಮಾಡೀರಿ. ಇನ್ನ ಇದನ್ನ ಯಾರರೆ ನೋಡಿಕೋತಾರ. ನೀವು ಆರಾಮ ಇರ್ರಿ."

ತಮ್ಮ ಕಪ್ಪನ್ನು ಬಾಯಿಗೆ ಒಯ್ಯುತ್ತಿದ್ದವನು ಹಾಗೇ ಹಿಡಿದುಕೊಂಡ. ಆಮೇಲೆ ಕುಡಿದ.

"ಹೌದ್ರಿ," ಎಂದ. "ಯಾರರೆ ನೋಡಿಕೋತಾರ."

ಮಾಲಕ ಕೆಟ್ಟವನಲ್ಲ. ಅವನು ಆಡಿದ ಮಾತನ್ನು ತಪ್ಪಿಸಿದನೆಂದೂ ನಾನು ಹೇಳಲಾರೆ. ಕರ್ನಲ್ ತಮ್ಮನ ಕೈಯಲ್ಲಿ ಇರುವತನಕ ಕುರ್ಚಿ ತಮ್ಮನದು ಎಂದಿದ್ದ. ತಮ್ಮನೊಬ್ಬನ ಕೈ ಬೇಕು ಅನ್ನುವ ಅಗತ್ಯವನ್ನೇ ನಾವಿಬ್ಬರೂ ಕೂತು ಒಂದೊಂದು ಸಾಲಾಗಿ ತೆಗೆದುಹಾಕಿದ್ದೆವು. ಕೆಲವು ತಿಂಗಳು ಫೋನು ಬರುತ್ತಿತ್ತು. ಆಮೇಲೆ ಕಡಿಮೆಯಾಯಿತು. ಆಮೇಲೆ ಕಂಪನಿಗೆ ಹೊಸ ಎಂಜಿನಿಯರ್ ಬಂದ. ತಮ್ಮನಿಗೆ ಶಾಲು ಹೊದಿಸಿ, ಒಂದು ಗಡಿಯಾರ ಕೊಟ್ಟರು. ಗೋಡೆ ಗಡಿಯಾರ. ಹೆಂಡತಿ ಅದನ್ನು ಒಳಕೋಣೆಯಲ್ಲಿ, ಅವನ ಕೈಗೆ ತಾಕದ ಕಡೆ ಹಾಕಿದ್ದಾಳೆ.

ಕೋಲ್ಡ್ ಸ್ಟೋರೇಜಿನಿಂದ ಬಂದು ಕಾರಿನಿಂದ ಇಳಿದು ಮನೆಯೊಳಗೆ ಹೋಗುವಾಗ ಅವತ್ತೇ ನಾನು ಕೇಳಿದ್ದೆ: "ನಿನಗ ಮೊದಲಽ ಗೊತ್ತಿತ್ತೇನು ಹಿಂಗಾಗತೈತಿ ಅಂತ?"

"ದೀಪ ಅಂತ ಬರಿಸಿದ ದಿನ ಗೊತ್ತಾತು."

"ಮತ್ತ ಯಾಕ ಮಾಡಿದಿ?"

"ಅರ್ಧಾ ಮಾಡಿದ್ದು ಬಿಡಾಕ ಬರತೈತೇನು ಬೇ," ಎಂದ. "ಅವ್ವ ಬೆನ್ನಿಗೆ ಕೊಡತಿದ್ದಳು."

ಈಗ ಅವನಿಗೆ ಬೆಳಕು ಕತ್ತಲೆ ತಿಳಿಯುತ್ತದೆ, ಅಷ್ಟೇ. ಕಣ್ಣು ನೋಯಬಾರದೆಂದು ಹನಿ ಮುಂದುವರಿದಿದೆ. ಆಸ್ಪತ್ರೆಗೆ ಹೋದಾಗ ಒತ್ತಡ ಸರಿಯಾಗಿದೆ ಎಂದೇ ಹೇಳುತ್ತಾರೆ. ಪರೀಕ್ಷೆಯ ಪೆಟ್ಟಿಗೆಯನ್ನು ಕಂಪನಿ ವಾಪಸು ಕೇಳಲಿಲ್ಲ. ಅದು ಮೇಜಿನ ಮೇಲೆ ನಡೆಯುತ್ತಲೇ ಇರುತ್ತದೆ. ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಅವನು ವೈರ್ ಕೀಳುತ್ತಾನೆ, ಅದು ಕೂಗುತ್ತದೆ, ಸಿಕ್ಕಿಸುತ್ತಾನೆ. ಎದುರು ಮನೆಯ ಮುದುಕಿ ಆ ಸದ್ದು ಕೇಳಿ ಒಲೆ ಹಚ್ಚುತ್ತಾಳಂತೆ.

ನಾನು ಮಂಗಳವಾರ, ಶುಕ್ರವಾರ ಹೋಗುತ್ತೇನೆ. ಕಂಪನಿಯ ಕೋಡು ನನಗೆ ಇನ್ನೂ ಬರುತ್ತದೆ. ಮಾಲಕ ಹಳೆಯ ಮರ್ಯಾದೆಗೆ, ಕಣ್ಣಾಡಿಸಿರಿ ಮೇಡಂ ಎಂದು ಕಳಿಸುತ್ತಾನೆ. ಹೊಸ ಎಂಜಿನಿಯರ್ ಬಂದ ಕೆಲವೇ ದಿನಕ್ಕೆ ಅವಸರದ ದಾರಿಯನ್ನು ತಿರುಗಿ ಸೇರಿಸಿದ. ನಾನು ಮಾಲಕನಿಗೆ ಫೋನು ಮಾಡಿ ಬೇಡವೆಂದು ಹೇಳಿದೆ. "ಸ್ಪೀಡ್ ಬೇಕಂತ್ರಿ ಮೇಡಂ, ಈಗಿನವರು," ಎಂದ. ಆಮೇಲೆ ಇನ್ನೊಂದು ದಾರಿ ಬಂತು, ಹೊಸ ಚಿಪ್ಪಿಗಾಗಿ. ಮೊನ್ನೆ ನೋಡಿದಾಗ ದೀಪ ಎಂಬ ಹೆಸರೂ ಇರಲಿಲ್ಲ, ಅದರ ಜಾಗದಲ್ಲಿ ಒಂದು ಅಂಕಿ ಇತ್ತು. ಮತ್ತೆ ಪುಟ ಹೊರಳಿಸಬೇಕಾಗಿದೆ. ಮತ್ತೆ ಯಾರೋ ಒಬ್ಬರೇ ತಿಳಿಯಬಲ್ಲಂಥದ್ದಾಗುತ್ತಿದೆ. ಆ ಒಬ್ಬರು ಈಗ ಬೇರೆ.

ಹೋದ ಶುಕ್ರವಾರ ಹನಿ ಹಾಕಿ, ಹತ್ತಿಯಿಂದ ಒರೆಸಿ, ಸೀಸೆಯ ಮುಚ್ಚಳ ತಿರುಗಿಸುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡು ಕುರ್ಚಿಗೆ ತಲೆ ಆನಿಸಿದ್ದ. ತೊಡೆಯ ಮೇಲೆ ಮಣೆ ಇತ್ತು, ಬೆರಳು ಖಾಲಿ ಗುಳಿಗಳ ಮೇಲೆ ಒಂದರಿಂದ ಒಂದಕ್ಕೆ ಹೋಗುತ್ತಿತ್ತು.

"ಕೋಡ್ ಬಂದಿತ್ತೇನು?" ಎಂದ. ಪ್ರತಿ ಸಲ ಕೇಳುತ್ತಾನೆ.

"ಬಂದಿತ್ತು."

"ಹಂಗಽ ಐತಿ?"

"ಹಂಗಽ ಐತಿ."

"ಎಲ್ಲಾರೂ ದೀಪ ನೋಡೇ ಹೊಂಟಾರ?"

"ಎಲ್ಲಾರೂ," ಎಂದೆ.

ಅವನ ಬೆರಳು ಕೊನೆಯ ಗುಳಿಗೆ ಬಂದು ನಿಂತಿತು.

"ಹೋಗು ಇನ್ನ," ಎಂದ. "ಬಸ್ ತಪ್ಪತೈತಿ."

ನಾನು ಸೀಸೆಯನ್ನು ಅವನ ಕೈಗೆ ಸಿಗುವ ಕಡೆ ಇಟ್ಟು, ಚೀಲ ತೆಗೆದುಕೊಂಡು ಹೊರಟೆ.